ಸಿಪ್ಪೆ ಕಷಾಯದ ಮೂವತ್ತೊಂದು ದಿನ

ಈರುಳ್ಳಿ ಸಿಪ್ಪೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಅದು ಪಾಪದ್ದು, ಈರುಳ್ಳಿಗೆ ಅಂಗಿಯಾಗಿ ತನ್ನ ಪಾಡಿಗೆ ತಾನಿತ್ತು. ಅದನ್ನು ಕುದಿಸಿ, ಆ ಕೆಂಪು ನೀರಿನ ಕೈಗೆ ನನ್ನ ಪ್ರಾಣ ಒಪ್ಪಿಸಿದವರ ಮೇಲೆ ನನ್ನ ಸಿಟ್ಟು. ಅವರ ಪೈಕಿ ಮೊದಲ ಹೆಸರು ನನ್ನದೇ. ಆದ್ದರಿಂದ ಉಳಿದವರನ್ನು ಬೈಯುವ ಹಕ್ಕು ನನಗಿದೆ ಅಂತ ಇಟ್ಟುಕೊಂಡಿದ್ದೇನೆ.

ಬೈಯುವುದನ್ನು ನನಗೆ ಕಲಿಸಿದ್ದು ನಮ್ಮಜ್ಜಿ. ಮಾತನ್ನೆಲ್ಲ ಅವಳಿಂದಲೇ ಕಲಿತೆ, ಶಾಲೆ ಸೇರುವ ಹೊತ್ತಿಗೆ ಮೇಷ್ಟರು ಕಲಿಸುವುದು ಅಷ್ಟೇನೂ ಉಳಿದಿರಲಿಲ್ಲ. ಯಾರನ್ನಾದರೂ ಲೆಕ್ಕಕ್ಕಿಲ್ಲ ಅಂತ ತೀರ್ಮಾನಿಸಿದರೆ ಅಜ್ಜಿ ಕೂಗಾಡುತ್ತಿರಲಿಲ್ಲ. ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ಅವನೂ ಒಬ್ಬ ಮನುಷ್ಯ, ಅವನಿಗೂ ಒಂದು ಪಂಚೆ" ಅನ್ನುತ್ತಿದ್ದಳು. ಅಲ್ಲಿಗೆ ಆ ಮನುಷ್ಯ ಮುಗಿದ. ಆ ವಿದ್ಯೆ ನನಗೂ ಬಂತು. ಅದು ನನ್ನನ್ನು ಬಿಟ್ಟು ಹೋದದ್ದು ಒಂದೇ ಸಲ. ಆ ಕಾಲದ ಕಥೆ ಇದು.

ನಮ್ಮ ಮನೆ ಸಿದ್ಧಾರ್ಥನಗರದಲ್ಲಿ. ಮನೆಯ ಹಿಂದಿನ ಕೋಣೆಯಲ್ಲಿ ನಾನು ಸಾರಿನ ಪುಡಿ, ಹುಳಿ ಪುಡಿ ಮಾಡಿ ಗೊತ್ತಿರುವ ಮನೆಗಳಿಗೆ ಕೊಡುತ್ತೇನೆ. ನಮ್ಮ ಮನೆಯವರಿಗೆ ಉದಯಗಿರಿಯಲ್ಲಿ ಸ್ಕೂಟರ್ ರಿಪೇರಿ ಅಂಗಡಿ. ನಮ್ಮ ಜೊತೆಗಿರುವವರು ಅತ್ತೆ ಪುಟ್ಟತಾಯಮ್ಮ, ಎಪ್ಪತ್ತೆಂಟು ವರ್ಷ, ಬಾಯಿ ಇನ್ನೂ ಇಪ್ಪತ್ತರದ್ದು. ಆ ಪುಡಿಯ ಅಳತೆ ಅವರ ಕಡೆಯಿಂದ ಬಂದದ್ದು. ಅವರ ಅತ್ತೆ ಅದನ್ನು ಕೊನೆಯ ಹಾಸಿಗೆಯಲ್ಲಿ ಮಲಗಿದ್ದಾಗ ಇವರ ಕಿವಿಯಲ್ಲಿ ಹೇಳಿದ್ದರಂತೆ. ಇವರು ನನಗೆ ಹೇಳಿದ್ದು ತಮ್ಮ ಕೈ ನಡುಗಿ ಬಾಣಲೆ ಹಿಡಿಯಲಾಗದೆ ಹೋದ ವರ್ಷ. ಕೇಳಿದವರಿಗೆಲ್ಲ ಪುಡಿ ಕೊಡುತ್ತೇವೆ. ಅಳತೆ ಮಾತ್ರ ಅಡುಗೆಮನೆ ಬಿಡುವವಳು ಅಡುಗೆಮನೆಗೆ ಬರುವವಳಿಗೆ ಕೊಡುವುದು. ನನ್ನ ನಾದಿನಿ ಮಂಗಳ, ಒಂಟಿಕೊಪ್ಪಲಿಗೆ ಮದುವೆಯಾಗಿ ಹೋದವಳು, ಹದಿನಾಲ್ಕು ವರ್ಷದಿಂದ ಕೇಳುತ್ತಲೇ ಇದ್ದಳು. ನಾನು ಹದಿನಾಲ್ಕು ವರ್ಷದಿಂದ ನಗುತ್ತಲೇ ಇದ್ದೆ.

ಕಾಯಿಲೆ ಮೂಗಿನಿಂದ ಶುರುವಾಯಿತು. ಒಂದು ಬೆಳಿಗ್ಗೆ ಕೊತ್ತಂಬರಿ ಬೀಜ ಹುರಿಯುತ್ತಿದ್ದೆ. ಹೊಗೆ ಎದ್ದು ಹಜಾರಕ್ಕೆ ಬಂದಾಗ ಅತ್ತೆ ಕೆಮ್ಮುತ್ತ ಓಡಿ ಬಂದರು. ನಾನು ಸೌಟು ಹಿಡಿದು ಬಾಣಲೆಯ ಮುಂದೆ ನಿಂತೇ ಇದ್ದೆ. ಬೀಜ ಇದ್ದಿಲಾಗಿತ್ತು.

"ಅಯ್ಯೋ, ಕರಕಲಾಗೋಯ್ತಲ್ಲೇ! ವಾಸ್ನೆ ಬರ್ಲಿಲ್ವಾ ನಿಂಗೆ?"

"ಆಗ್ಲಿ ಬುಡಿ" ಅಂದೆ.

ಆ "ಆಗ್ಲಿ ಬುಡಿ" ಇದೆಯಲ್ಲ, ಅದೇ ಕಾಯಿಲೆ. ವಾಸನೆ ಬರದಿದ್ದದ್ದು ಅದರ ನೆರಳು ಅಷ್ಟೇ. ಆಮೇಲೆ ಸ್ನಾನ, ಊಟ, ಫೋನು, ಹಬ್ಬ ಎಲ್ಲದಕ್ಕೂ ಅದೇ ಉತ್ತರ. ಪಕ್ಕದ ಮನೆಯಾಕೆ ನಮ್ಮ ಗೇಟಿನ ಮುಂದೆ ಕಸ ಗುಡಿಸಿ ಹಾಕಿದರೂ ನನಗೆ ಅವಳನ್ನು ಕಂಡರೆ ಏನೂ ಅನ್ನಿಸಲಿಲ್ಲ. ಯಾರನ್ನೂ ಹೀಗಳೆಯಲಾಗದಷ್ಟು ಬಡವಿಯಾಗಿದ್ದೆ.

ಮೊದಲು ಮೂಗಿನ ಡಾಕ್ಟರು, ಆಮೇಲೆ ಹೊಟ್ಟೆ ಡಾಕ್ಟರು, ಕೊನೆಗೆ ಅವರೇ ಚೀಟಿ ಬರೆದು ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿದರು. ಆ ಕಾಯುವ ಕೋಣೆಯ ಬಗ್ಗೆ ಹೇಳಲೇಬೇಕು. ಅಲ್ಲಿ ಯಾರಿಗೂ ಮನಸ್ಸಿನ ಕಾಯಿಲೆ ಇರಲಿಲ್ಲ. ಎಲ್ಲರಿಗೂ ಥೈರಾಯ್ಡ್. ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ ಹುಡುಗಿ ಥೈರಾಯ್ಡ್ ಅಂದಳು. ಕಿವಿವರೆಗೆ ಟೋಪಿ ಎಳೆದುಕೊಂಡಿದ್ದ ಒಬ್ಬ ದೊಡ್ಡ ಮನುಷ್ಯರು, "ನಾನು ಸುಮ್ನೆ ಜೊತೆಗೆ ಬಂದೋನು ಕಣ್ರೀ" ಅಂದರು. ಅವರ ಜೊತೆ ಯಾರೂ ಇರಲಿಲ್ಲ. ನಾನೂ ಥೈರಾಯ್ಡ್ ಅಂದೆ. ಒಂದೇ ಸುಳ್ಳನ್ನು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡು, ಎಲ್ಲರೂ ನಂಬಿದಂತೆ ತಲೆಯಾಡಿಸಿಕೊಂಡು ಕೂತಿದ್ದೆವು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಖಿನ್ನತೆ ಅಂದರು. ಮಾತ್ರೆ ಬರೆದರು, ನಾಲ್ಕೈದು ವಾರ ತಾಳ್ಮೆ ಇರಲಿ, ನನ್ನನ್ನು ಕೇಳದೆ ನಿಲ್ಲಿಸಬೇಡಿ ಅಂದರು. ನಂಟರಿಷ್ಟರಿಗೆ ಸುದ್ದಿ ಹೋಯಿತು. "ನಿಂಗೇನ್ ಕಮ್ಮಿ ಆಗೈತೆ?" ಅಂತ ಒಬ್ಬರು. "ಬೆಳಿಗ್ಗೆ ಎದ್ದು ವಾಕಿಂಗ್ ಹೋಗು" ಅಂತ ಇನ್ನೊಬ್ಬರು. ನಾನು ಹಾಸಿಗೆಯಿಂದ ಬಚ್ಚಲಿಗೆ ಹೋಗುವುದೇ ಒಂದು ಪಾದಯಾತ್ರೆಯಾಗಿದ್ದ ಕಾಲದಲ್ಲಿ. ಮಾತ್ರೆಗಳನ್ನು ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟು, ಬಂದವರ ಕಣ್ಣಿಗೆ ಬೀಳದ ಹಾಗೆ ದಿನಾ ನುಂಗಿದೆ.

ಐದನೆಯ ವಾರದಲ್ಲಿ ಒಂದು ದಿನ ಅತ್ತೆ ಒಗ್ಗರಣೆಗೆ ಕರಿಬೇವು ಹಾಕಿದರು. ಆ ವಾಸನೆ ನನ್ನ ಮೂಗಿನವರೆಗೂ ಬಂತು. ಬಂತು ಅಂತ ಯಾರಿಗೂ ಹೇಳಲಿಲ್ಲ. ಹೇಳಿದರೆ ವಾಪಸ್ಸು ಹೋಗಿಬಿಡುತ್ತದೇನೋ ಅಂತ ಭಯ. ಆದರೆ ಆ ಸಂಜೆ ಪಕ್ಕದ ಮನೆಯಾಕೆಯ ಕಸ ಕಂಡು ಸ್ವಲ್ಪ ರೇಗಿತು. ಆಸೆ ಹುಟ್ಟಿತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮಂಗಳ ಬಂದಳು. ಒಂಟಿಕೊಪ್ಪಲಿನ ಒಂದು ಕಲ್ಯಾಣ ಮಂಟಪದಲ್ಲಿ ಭಾನುವಾರ ಬೆಳಿಗ್ಗೆ ಆಹಾರ ಮತ್ತು ಮನಸ್ಸಿನ ಬಗ್ಗೆ ಉಪನ್ಯಾಸ, ಉಚಿತ, ಆಮೇಲೆ ಉಪ್ಪಿಟ್ಟು ಅಂದಳು. ಹೋದೆ.

ವೇದಿಕೆಯ ಮೇಲೆ ಒಬ್ಬ ಮಹಾಶಯರು. ಬಿಳಿ ಜುಬ್ಬ, ಕಾಲರಿನಲ್ಲಿ ಮೈಕು, ಮುಖದಲ್ಲಿ ಈಗ ತಾನೇ ಪರದೆ ಸರಿಸಿ ಬಂದ ದೇವರ ಕಳೆ. ಪರದೆಯ ಮೇಲೆ ಮೆದುಳಿನ ಚಿತ್ರ. ಅದರೊಳಗೆ ಕೋರೆಹಲ್ಲಿನ ಒಂದು ರಾಕ್ಷಸ. ಅದು ಕಿಣ್ವವಂತೆ. ನಮ್ಮ ಸಂತೋಷದ ರಸಗಳನ್ನೆಲ್ಲ ಅದು ಕುಡಿದುಬಿಡುತ್ತದಂತೆ. ಅದರ ಬಾಯಿ ಕಟ್ಟುವ ಮಾತ್ರೆಗಳನ್ನು ಕಂಪನಿಗಳು ಮಾಡುತ್ತವೆ, ಆದರೆ ಅದೇ ಕೆಲಸ ಮಾಡುವ ಫ್ಲೇವನಾಯ್ಡ್ ಎಂಬ ವಸ್ತುವನ್ನು ನಿಸರ್ಗ ಸೊಪ್ಪಿನಲ್ಲಿ, ಹಣ್ಣಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಈರುಳ್ಳಿಯ ಸಿಪ್ಪೆಯಲ್ಲಿ ಇಟ್ಟಿದೆ ಅಂದರು. "ನಾವು ಮಾಡ್ತಿರೋದೇನು? ಔಷಧಿ ಎಸೆದು ತರಕಾರಿ ತಿಂತಿದ್ದೀವಿ!" ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಡುಗೆಮನೆಯಲ್ಲೇ ಎಲ್ಲ ಇದೆ ಅಂದಾಗ, ಅಡುಗೆಮನೆಯಲ್ಲೇ ಬದುಕಿದ ನನಗೆ ಯಾರೋ ಹಾರ ಹಾಕಿದ ಹಾಗಾಯಿತು. ಹೊಗಳಿಕೆ ಒಳಗೆ ಹೋಗುವುದಕ್ಕೆ ಮೂಗು ಬೇಕಾಗಿಲ್ಲ ನೋಡಿ.

ಹಿಂದಿನ ಸಾಲಿನಿಂದ ಯಾರೋ ಒಬ್ಬ ಹೆಂಗಸು ಎದ್ದು ಕೇಳಿದಳು, "ಸಾರ್, ಹಾಗಾದ್ರೆ ತಗೊಳ್ತಿರೋ ಮಾತ್ರೆ ನಿಲ್ಲಿಸಬಹುದಾ?"

ಮಹಾಶಯರು ಕೈ ಮುಗಿದು, ಕಣ್ಣು ಅರ್ಧ ಮುಚ್ಚಿ, "ಅದು ನಿಮ್ಮ ವಿವೇಚನೆಗೆ ಬಿಟ್ಟಿದ್ದು ತಾಯಿ" ಅಂದರು.

ಆ ಜಾಣತನಕ್ಕೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನಿಲ್ಲಿಸು ಅನ್ನಲಿಲ್ಲ, ಅಂದರೆ ಸಿಕ್ಕಿಬೀಳುತ್ತಿದ್ದರು. ಬೇಡ ಅನ್ನಲಿಲ್ಲ, ಅಂದರೆ ಚಪ್ಪಾಳೆ ಬೀಳುತ್ತಿರಲಿಲ್ಲ. ವಿವೇಚನೆ ಇದ್ದಿದ್ದರೆ ಭಾನುವಾರ ಬೆಳಿಗ್ಗೆ ನಾನು ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಾಕೆ ಕೂತಿರುತ್ತಿದ್ದೆ? ಉಪ್ಪಿಟ್ಟಿಗೂ ಉಪ್ಪಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಿದೆವು. ಮಾತ್ರೆ ನಿಲ್ಲಿಸಿದ್ದು ಆ ಮಹಾಶಯರಲ್ಲ, ನಾವೇ. ಅತ್ತೆಯ ಅಪ್ಪ ತಮ್ಮ ಊರಿನಲ್ಲಿ ಕಾಮಾಲೆಗೆ ಸೊಪ್ಪಿನ ಮದ್ದು ಕೊಡುತ್ತಿದ್ದವರು. ಮದ್ದು ಅಂದರೆ ಪಥ್ಯ. ಪಥ್ಯ ಅಂದರೆ ಒಂದು ಮಂಡಲ, ನಲವತ್ತೆಂಟು ದಿನ. ಹುಳಿ ಇಲ್ಲ, ಖಾರ ಇಲ್ಲ, ಒಗ್ಗರಣೆಯ ಘಾಟು ತಾಕುವ ಹಾಗಿಲ್ಲ, ಬೇರೆ ಮದ್ದು ತುಟಿಗೆ ಸೋಕುವ ಹಾಗಿಲ್ಲ.

"ಒಂದೊಟ್ಟೆಗೆ ಎರಡು ಮದ್ದು ಎಂಗವ್ವ ಆಯ್ತದೆ?" ಅಂದರು ಅತ್ತೆ. "ಅದು ಇದ್ನ ಮುರೀತದೆ, ಇದು ಅದ್ನ ಮುರೀತದೆ. ಕೊನೆಗೆ ಹೊಟ್ಟೆ ಒಂದು ಬಾಕಿ."

"ಡಾಕ್ಟರು ನಿಲ್ಲಿಸ್ಬೇಡಿ ಅಂದವ್ರೆ ಕಣವ್ವ" ಅಂದರು ನಮ್ಮ ಮನೆಯವರು, ಗ್ರೀಸಿನ ಕೈ ಒರೆಸಿಕೊಳ್ಳುತ್ತ.

"ನೀನು ಸ್ಕೂಟ್ರು ನೋಡ್ಕೊ ಹೋಗಪ್ಪ."

ಅವರು ಹೋದರು. ಆ ಮನೆಯಲ್ಲಿ ಸರಿಯಾದ ಮಾತಾಡಿದ ಒಬ್ಬರೇ ಒಬ್ಬರನ್ನು ಒಂದೇ ವಾಕ್ಯದಲ್ಲಿ ಅಂಗಡಿಗೆ ಅಟ್ಟಿದೆವು. ಮಾತ್ರೆಗಳನ್ನು ಅತ್ತೆ ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ದೇವರ ಗೂಡಿನ ಮೇಲಿಟ್ಟರು. ನನ್ನ ಬಾಣಲೆಯನ್ನು ಬೋರಲು ಹಾಕಿದರು. ಪಥ್ಯದ ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದು ಹೇಗೆ? ನನ್ನನ್ನು ನೆಟ್ಟಗೆ ನಿಲ್ಲಿಸಿದ್ದ ಕೆಲಸ ಒಂದಿತ್ತು, ಅದೂ ಹೋಯಿತು.

ಇನ್ನೊಂದು ಕ್ರಮವನ್ನೂ ಹೇಳದಿದ್ದರೆ ಅತ್ತೆಗೆ ಅನ್ಯಾಯವಾಗುತ್ತದೆ. ಅವರ ತೌರಿನಲ್ಲಿ ಮದ್ದು ಕೊಡುವವರೂ ರೋಗಿಯ ಜೊತೆ ಪಥ್ಯ ಇರಬೇಕು. ಹಾಗಾಗಿ ನನಗೆ ಸಪ್ಪೆ ಅನ್ನ, ಬೇಯಿಸಿದ ಹೆಸರುಬೇಳೆ ಬಡಿಸಿ, ಅದೇ ಸಪ್ಪೆಯನ್ನು ಎದುರಿಗೆ ಕೂತು ತಾವೂ ಉಂಡರು. ಎಲೆ ಅಡಿಕೆ ಬಿಟ್ಟರು. ಅರವತ್ತು ವರ್ಷದ ಚಟವನ್ನು ನನಗಾಗಿ ಬಿಟ್ಟ ಮುದುಕಿಗೆ, ಈ ಕಷಾಯದಿಂದ ಏನೂ ಆಗುತ್ತಿಲ್ಲ ಅಂತ ನಾನು ಹೇಗೆ ಹೇಳಲಿ?

ಸಿಪ್ಪೆಗೆ ಬರವಿರಲಿಲ್ಲ. ಮಂಗಳ ಸುದ್ದಿ ಹಬ್ಬಿಸಿದ್ದಳು. ಬೀದಿಯವರೆಲ್ಲ ಕವರಿನಲ್ಲಿ ಸಿಪ್ಪೆ ತುಂಬಿ ಗೇಟಿಗೆ ನೇತುಹಾಕಿ ಹೋಗುತ್ತಿದ್ದರು. ಉದಯಗಿರಿಯಲ್ಲಿ ಅಂಗಡಿಯ ಪಕ್ಕದ ಹೋಟೆಲಿನವರು ಒಂದು ಗೋಣಿಚೀಲವನ್ನೇ ಕೊಟ್ಟು ಕಳಿಸಿದರು. ನಮ್ಮ ಮನೆಯವರು ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಬರುವಾಗ ಸಿಪ್ಪೆಗಳು ದಾರಿಯುದ್ದಕ್ಕೂ ಹಾರಿದವಂತೆ. ನಗಬೇಕಾದ ವಿಷಯ. ನಗು ಬರಲಿಲ್ಲ.

ಮಾತ್ರೆ ಬಿಟ್ಟ ಮೂರನೆಯ ದಿನದಿಂದ ತಲೆ ತಿರುಗಿಸಿದರೆ ಒಳಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. "ವಿಷ ಹೊರಗೆ ಹೋಗ್ತಾ ಇದೆ ಅತ್ತಿಗೆ, ಆ ಉಪನ್ಯಾಸದವರ ಫೋನ್ ಗ್ರೂಪಿನಲ್ಲಿ ಎಲ್ರೂ ಅದನ್ನೇ ಹೇಳ್ತಿದ್ದಾರೆ" ಅಂದಳು ಮಂಗಳ. ಆ ಗ್ರೂಪಿನಲ್ಲಿ ಎಲ್ಲದಕ್ಕೂ ಅದೇ ಉತ್ತರ. ತಲೆ ಸುತ್ತಿದರೆ ವಿಷ ಹೊರಗೆ. ವಾಂತಿಯಾದರೆ ವಿಷ ಹೊರಗೆ. ಮನುಷ್ಯನೇ ಹೊರಟುಹೋದರೂ, ಪೂರ್ತಿ ಶುದ್ಧವಾಗಿ ಹೋದ ಅಂತ ಕೈ ಮುಗಿಯುವ ಚಿತ್ರ ಹಾಕುತ್ತಿದ್ದರೇನೋ.

ಮೂರನೆಯ ವಾರ ಕರಿಬೇವಿನ ವಾಸನೆ ಮತ್ತೆ ಹೋಯಿತು. ಮನೆಯಲ್ಲಿ ಒಗ್ಗರಣೆಯೇ ಇಲ್ಲದ್ದರಿಂದ, ಗಿಡದ ಹತ್ತಿರ ಹೋಗಿ ಎಲೆ ಕಿವುಚಿ ನೋಡಿದೆ. ಬರಲಿಲ್ಲ. ಒಳಗೆ ಬಂದು ಕಷಾಯ ಕುಡಿದೆ. ಆ ಹೊತ್ತಿಗೆ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ. ಜೋರಾಗಿ ಬಂದ ತೀರ್ಮಾನವಲ್ಲ, ಸಂತೆ ಮುಗಿದ ಮೇಲೆ ಅಂಗಡಿಯವರು ಗೋಣಿ ಮಡಚುತ್ತಾರಲ್ಲ, ಹಾಗೆ. ಇಷ್ಟೊಂದು ಜನರ ಕೈಲಿ ಇಷ್ಟೊಂದು ಸಿಪ್ಪೆ ಸುಲಿಸಿದ್ದು ಸಾಕು ಅನ್ನಿಸುತ್ತಿತ್ತು.

ಮೂವತ್ತೊಂದನೆಯ ದಿನ, ಮಧ್ಯಾಹ್ನ ಮೂರು ಗಂಟೆ. ಮಂಗಳ ಇನ್ನೊಂದು ಕವರು ಹಿಡಿದು ಬಂದಳು.

"ಕೂತ್ಕೊ" ಅಂದೆ. "ಪೆನ್ನು ತಗೊ. ಸಾರಿನ ಪುಡಿ ಅಳತೆ ಬರ್ಕೊ."

ಅವಳು ಕವರನ್ನು ಕೆಳಗೆ ಬಿಟ್ಟಳು. "ನಿಜವಾಗ್ಲೂ ಅತ್ತಿಗೆ?"

ಹೇಳುತ್ತ ಹೋದೆ. ಕೊತ್ತಂಬರಿ ಇಷ್ಟು ಪಾವು, ಮೆಣಸಿನಕಾಯಿ ಇಂಥದ್ದು ಇಷ್ಟು, ಯಾವುದು ಮೊದಲು, ಯಾವುದು ಒಲೆ ಆರಿಸಿದ ಮೇಲೆ. ಅವಳ ಮುಖ ಅರಳಿತ್ತು. ಹಳೆಯ ಕರೆಂಟು ಬಿಲ್ಲಿನ ಹಿಂದೆ ಬರೆದುಕೊಳ್ಳುತ್ತಿದ್ದಳು. ಹೊರಗೆ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಹಿಡಿದೇ ಬಂದು ಬಾಗಿಲಲ್ಲಿ ನಿಂತರು.

"ಏನೇ ಅದು ಬರೀತಿರೋದು?"

"ಅತ್ತಿಗೆ ಅಳತೆ ಕೊಟ್ಬುಟ್ರು ಕಣವ್ವ!"

ಅತ್ತೆ ನನ್ನನ್ನೇ ನೋಡಿದರು. "ಯಾಕ್ ಕೊಟ್ಟೆ?"

"ಇರ್ಲಿ ಅಂತ."

"ನಿನ್ನತ್ರ ಐತಲ್ಲ."

"ನಂಗ್ಯಾಕೆ ಇನ್ಮೇಲೆ" ಅಂದೆ.

ಮೊರ ಕೆಳಗಿಟ್ಟರು. ಬಿಸಾಡಲಿಲ್ಲ, ನಿಧಾನವಾಗಿ ಇಟ್ಟರು. ಮಂಗಳನ ಕೈಯಿಂದ ಚೀಟಿ ಕಿತ್ತು ಸೊಂಟದ ಎಲೆ ಅಡಿಕೆ ಸಂಚಿಗೆ ತುರುಕಿಕೊಂಡರು. ಒಲೆಯ ಮೇಲಿದ್ದ ಕಷಾಯದ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ಮೋರಿಗೆ ಸುರಿದರು. ಸ್ಟೂಲು ಹತ್ತಿ ದೇವರ ಗೂಡಿನ ಮೇಲಿಂದ ಹಳದಿ ಗಂಟು ಇಳಿಸಿದರು.

"ಆಟೋ ಕರಿ" ಅಂದರು ಮಗಳಿಗೆ.

"ಯಾಕವ್ವ? ಇನ್ನ ಹದಿನೇಳು ದಿನ ಐತೆ. ನಡುವೆ ಪಥ್ಯ ಮುರಿದ್ರೆ…"

"ಮುರ್ಕೊಂಡು ಬೀಳ್ಲಿ ನಿನ್ ಪಥ್ಯ. ನಮ್ಮತ್ತೆ ನಂಗೆ ಯಾವಾಗ ಅಳತೆ ಕೊಟ್ಲು ಅಂತ ಗೊತ್ತೇನೇ ನಿಂಗೆ? ಮಾರನೇ ದಿನ ಹೊಂಟೋದ್ಲು. ಆಟೋ ಕರಿಯೇ ಅಂದ್ರೆ!"

ಮಂಗಳನಿಗೆ ಆಗ ಅರ್ಥವಾಯಿತು. ಅವಳು ಚಪ್ಪಲಿ ಹಾಕಿಕೊಳ್ಳದೆ ಬೀದಿಗೆ ಓಡಿದಳು. ನಾನು ಕೂತಲ್ಲೇ ಕೂತಿದ್ದೆ. ಅತ್ತೆ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಸುಟ್ಟ ಬೆರಳುಗಳಿಂದಲೇ ನನ್ನ ಗಲ್ಲ ಹಿಡಿದು, "ಕಳ್ಳಿ, ಹೇಳದೆ ಹೊಂಟಿದ್ದೆಯಾ?" ಅಂದರು. ನನಗೆ ಮೂವತ್ತೊಂದು ದಿನದಲ್ಲಿ ಮೊದಲ ಸಲ ಅಳು ಬಂತು.

ಅದೇ ಕಾಯುವ ಕೋಣೆ. ಪಕ್ಕದಲ್ಲಿದ್ದ ಹೆಂಗಸು ಅತ್ತೆಯ ಕಡೆ ಬಾಗಿ ಮೆಲ್ಲಗೆ ಕೇಳಿದಳು, "ಥೈರಾಯ್ಡಾ ಅಜ್ಜಿ?"

ಅತ್ತೆಗೆ ಮೆಲ್ಲಗೆ ಮಾತಾಡುವುದು ಗೊತ್ತಿಲ್ಲ. "ಊಂಹೂಂ ಕಣಮ್ಮ. ನನ್ನ ಸೊಸೆಗೆ ಬದುಕು ಬ್ಯಾಸ್ರ ಆಗೈತೆ. ವಾಸಿ ಆಯ್ತಿದ್ಲು, ನಾನೇ ಮಾತ್ರೆ ಬುಡ್ಸಿ ಈರುಳ್ಳಿ ಸಿಪ್ಪೆ ಕುಡಿಸ್ದೆ."

ಹಿಂದೆ ನೋಡಿದ್ದ ಟೋಪಿಯ ದೊಡ್ಡ ಮನುಷ್ಯರು ಆ ದಿನವೂ ಇದ್ದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನಾನೂ ಒಂದ್ಸಲ ಬುಟ್ಟಿದ್ದೆ ಅಜ್ಜಿ" ಅಂದರು. "ನಂಗೆ ಬೇವಿನ ರಸ." ಅಲ್ಲಿಂದ ಶುರುವಾಯಿತು. ಅಮೃತಬಳ್ಳಿ ಅಂದರು ಒಬ್ಬರು, ತಾಯತ ಅಂದರು ಇನ್ನೊಬ್ಬರು. ಥೈರಾಯ್ಡ್ ಯಾರಿಗೂ ಇರಲಿಲ್ಲ. ಆ ಅರ್ಧ ಗಂಟೆಯಲ್ಲಿ ನನಗೆ ಸಿಕ್ಕಷ್ಟು ಸಮಾಧಾನ ಯಾವ ಉಪನ್ಯಾಸದಲ್ಲೂ ಸಿಕ್ಕಿರಲಿಲ್ಲ. ಉಪ್ಪಿಟ್ಟೂ ಇರಲಿಲ್ಲ ಅಲ್ಲಿ.

ಡಾಕ್ಟರು ಸುತ್ತು ಬಳಸದೆ ಕೇಳಿದರು, "ಸಾಯ್ಬೇಕು ಅಂತ ಯೋಚನೆ ಬಂದಿತ್ತಾ?"

"ಬಂದಿತ್ತು" ಅಂದೆ. ಎಷ್ಟೋ ತಿಂಗಳಲ್ಲಿ ನಾನಾಡಿದ ಮೊದಲ ನಿಜ ಅದು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡಿದ್ದರು, ಬಿಡಲಿಲ್ಲ.

ಸಿಪ್ಪೆಯ ಕಥೆ ಕೇಳಿ ಡಾಕ್ಟರು ನಗಲಿಲ್ಲ. ಅದಕ್ಕೇ ಅವರನ್ನು ಈ ಬರಹದಲ್ಲಿ ಬೈಯದೆ ಬಿಟ್ಟಿದ್ದೇನೆ.

"ಅಂಗಾರೆ ಆ ಮನುಷ್ಯ ಏಳಿದ್ದೆಲ್ಲ ಸುಳ್ಳಾ?" ಅಂತ ಅತ್ತೆ ಕೇಳಿದರು.

"ಪೂರ್ತಿ ಸುಳ್ಳಾಗಿದ್ರೆ ಚೆನ್ನಾಗಿತ್ತು ಅಜ್ಜಿ. ಆ ಕಿಣ್ವ ಇದೆ. ಗಾಜಿನ ಕೊಳವೇಲಿ ಸಿಪ್ಪೆಯ ಆ ವಸ್ತು ಅದನ್ನ ಸ್ವಲ್ಪ ತಡೆಯೋದೂ ಉಂಟು. ಆದರೆ ನೀವು ಕುಡಿದದ್ದು ಕೊಳವೆಗೆ ಹೋಗಲ್ವಲ್ಲ. ಕರುಳು, ಲಿವರು ಎಲ್ಲ ಅದನ್ನ ಬೇರೆ ಏನೋ ಮಾಡಿಬಿಡ್ತವೆ. ಮೆದುಳಿಗೆ ಎಷ್ಟು ಮುಟ್ಟುತ್ತೆ, ಮುಟ್ಟಿ ಏನು ಮಾಡುತ್ತೆ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಸೊಪ್ಪು, ಹಣ್ಣು ತಿನ್ನಲಿ, ಮೈಗೆ ಒಳ್ಳೇದು, ಮನಸ್ಸಿಗೂ ಒಳ್ಳೇದಿರಬಹುದು. ಆದರೆ ಇವರಿಗೆ ನಾನು ಕೊಟ್ಟ ಮಾತ್ರೆ ಆ ಕಿಣ್ವದ ತಂಟೆಗೇ ಹೋಗಲ್ಲ. ಅದರ ದಾರಿಯೇ ಬೇರೆ."

ಅಂದರೆ ನಾನು ಮೂವತ್ತೊಂದು ದಿನ ಬೇರೆ ಯಾವುದೋ ಬಾಗಿಲಿಗೆ, ಬೇರೆ ಯಾವುದೋ ಬೀಗದ ಕೈಯನ್ನು, ಅದೂ ಕುದಿಸಿ, ಹಾಕುತ್ತಿದ್ದೆ.

ನಾಲ್ಕು ದಿನ ಅಲ್ಲೇ ಇಟ್ಟುಕೊಂಡರು. ಮಾತ್ರೆಯನ್ನು ಸಣ್ಣದರಿಂದ ಮತ್ತೆ ಶುರು ಮಾಡಿದರು. ನಮ್ಮ ಮನೆಯವರು ಅಂಗಡಿ ಮುಚ್ಚಿ ಬಂದು ಮಂಚದ ಪಕ್ಕ ಕೂತರು. "ನಾನು ಅವತ್ತೇ ಹೇಳಿದ್ದೆ" ಅಂತ ಒಂದು ಸಲವೂ ಅನ್ನಲಿಲ್ಲ. ಅಂಥ ಅವಕಾಶವನ್ನು ಬಿಟ್ಟುಕೊಟ್ಟ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಂಗಳ ದಿನಾ ಬಂದು ತಲೆ ಬಾಚುತ್ತಿದ್ದಳು. ಗ್ರೂಪಿನಿಂದ ಹೊರಗೆ ಬಂದೆ ಅಂದಳು. ಆಮೇಲೆ ಗೊತ್ತಾಯಿತು, ಬಂದಿರಲಿಲ್ಲ, ಬರೀ ಸದ್ದು ಆಫ್ ಮಾಡಿದ್ದಳು. ಇರಲಿ, ಅವಳ ಕೈಲಾದದ್ದು.

ವಾಸಿಯಾಗುವುದಕ್ಕೆ ಯಾವ ಮಂಡಲದ ಲೆಕ್ಕವೂ ಇಲ್ಲ. ಒಳ್ಳೆಯ ದಿನ ಬರುತ್ತದೆ, ಹಿಂದೆಯೇ ಎರಡು ಹಾಳು ದಿನ. ನೀವೂ ಮಾತ್ರೆಯನ್ನು ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟವರಾಗಿದ್ದರೆ ಒಂದು ಮಾತು: ಅದನ್ನು ಹೊರಗೆ ತೆಗೆದು ಉಪ್ಪಿನ ಪಕ್ಕದಲ್ಲಿಡಿ. ಬಂದವರಿಗೆ ಕಾಣಲಿ. ಏನಾದರೂ ಅನ್ನುವವರು ಉಪ್ಪು ಕಂಡರೂ ಏನಾದರೂ ಅನ್ನುತ್ತಾರೆ. ನಿಲ್ಲಿಸಬೇಕು ಅನ್ನಿಸಿದರೆ ಬರೆದುಕೊಟ್ಟವರನ್ನು ಕೇಳಿ, ಜುಬ್ಬ ಹಾಕಿದವರನ್ನಲ್ಲ. ಆ ಮಹಾಶಯರು ಈಗಲೂ ಮಂಟಪದಿಂದ ಮಂಟಪಕ್ಕೆ ಓಡಾಡುತ್ತಿದ್ದಾರಂತೆ. ರಾಕ್ಷಸನಿಗೆ ಈಗ ಬಣ್ಣವನ್ನೂ ಹಾಕಿಸಿದ್ದಾರಂತೆ. ಅವರೂ ಒಬ್ಬ ಮನುಷ್ಯರು, ಅವರಿಗೂ ಒಂದು ಜುಬ್ಬ.

ಎರಡು ತಿಂಗಳು ಕಳೆದಿರಬೇಕು. ಅತ್ತೆ ಬಾಣಲೆಯನ್ನು ನೆಟ್ಟಗೆ ಮಾಡಿ ಒಲೆಯ ಮೇಲಿಟ್ಟರು. "ಹುರಿ" ಅಂದರು. ಹುರಿದೆ. ಕೊತ್ತಂಬರಿ ಬಿಸಿಯಾಗಿ, ಬಣ್ಣ ತಿರುಗಿ, ಮೊದಲು ಹಸಿ ವಾಸನೆ ಹೋಗಿ, ಆಮೇಲೆ ಸಣ್ಣಗೆ ಘಮ್ಮೆಂದಿತು. ಕೈ ತಾನಾಗಿ ಒಲೆ ಆರಿಸಿತು. ಅತ್ತೆ ಸಂಚಿ ಬಿಚ್ಚಿ, ಸುಣ್ಣದ ಕಲೆ ಹತ್ತಿದ್ದ ಕರೆಂಟು ಬಿಲ್ಲು ತೆಗೆದು ನನ್ನ ಕೈಗಿಟ್ಟರು. ಅವರಿಗೆ ಓದಲು ಬರುವುದಿಲ್ಲ. ಅಷ್ಟು ದಿನ ಏನು ಬರೆದಿದೆ ಅಂತ ಗೊತ್ತಿಲ್ಲದೆಯೇ ಸೊಂಟದಲ್ಲಿ ಕಾದುಕೊಂಡಿದ್ದರು.

ಮಂಗಳನ ಗುಂಡು ಅಕ್ಷರ. ಮೇಲಿಂದ ಕೆಳಗೆ ಓದಿದೆ. ನಕ್ಕೆ.

"ಏನವ್ವ?"

"ಜೀರಿಗೆ ಹೇಳೋದೇ ಮರ್ತಿದ್ದೀನಿ ಅತ್ತೆ. ಮೆಣಸೂ ಇಲ್ಲ. ಇದ್ರಲ್ಲಿ ಪುಡಿ ಮಾಡಿದ್ರೆ ಅವಳ ಮನೇಲಿ ಬೆಕ್ಕೂ ಸಾರು ಮುಟ್ತಿರ್ಲಿಲ್ಲ."

"ಪಾಪ, ಅಷ್ಟ್ ಆಸೆ ಪಟ್ಟಿತ್ತು" ಅಂದರು ಅತ್ತೆ. "ಸರಿ ಮಾಡಿ ಬರ್ಕೊಟ್ಬುಡ್ತೀಯಾ?"

ಬಿಲ್ಲನ್ನು ನಾಲ್ಕು ಚೂರು ಮಾಡಿ ಒಲೆಯ ಪಕ್ಕದ ಕಸದ ಡಬ್ಬಿಗೆ ಹಾಕಿದೆ. ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡೆ.

"ಅವ್ಳ್ ಮುಖಕ್ಕೆ ಅಳತೆ ಬೇರೆ ಕೇಡು" ಅಂದೆ. "ಇನ್ನೊಂದು ಇಪ್ಪತ್ತು ವರ್ಷ ಕಾಯ್ಲಿ."